ಷಡ್ಡಕ ಕೊಂದ ನಾಗರಹಾವು

ನಮ್ಮ ಸೀಮೆಯಲ್ಲಿ ಇದುವರೆಗೆ ಯಾರೂ ಒಂದು ನೀರೊಳ್ಳೆ ಹಾವನ್ನು ಕೊಂದಿಲ್ಲವೆಂಬ ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸಿದ್ದೇನೆ. ಬೇತಮಂಗಲದ ಕೆರೆ ಏರಿಯ ಮೇಲೆ, ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ, ಗಣಿಯೂರಾದ ಕೋರಮಂಡಲಿನ ಟೀ ಅಂಗಡಿಗಳ ಮುಂದೆ, ಹಾವು ಹೊಡೆದ ಪ್ರಸಂಗವನ್ನು ಕೈ ಬಾಯಿ ತಿರುಗಿಸಿ ಬಣ್ಣಿಸುವ ಶೂರರನ್ನು ಬೇಕಾದಷ್ಟು ಕಂಡಿದ್ದೇನೆ. ಅವರೆಲ್ಲರೂ ಕೊಂದದ್ದು ನಾಗರಹಾವನ್ನೇ. ಅದೂ ಎಂಥದು? ಎರಡು ಕೈ ಚಾಚಿದರೂ ಸಾಲದಷ್ಟು ಉದ್ದದ, ಮೊರದಗಲ ಹೆಡೆಯ ನಾಗರ. ಹಾಗಾದರೆ ಗದ್ದೆ ಬದುವಿನಲ್ಲಿ, ಬಾವಿಯ ಮೆಟ್ಟಿಲಲ್ಲಿ, ಕಾಲುವೆಯ ದಡದಲ್ಲಿ ತಲೆ ಜಜ್ಜಿಸಿಕೊಂಡು ದಿನಬೆಳಗಾದರೆ ಬಿದ್ದಿರುವ ಆ ನೀರೊಳ್ಳೆಗಳೆಲ್ಲ ಯಾವ ಕಾಯಿಲೆ ಬಂದು ಸತ್ತವು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಮನುಷ್ಯ ತಾನು ಹೆದರಿದ್ದನ್ನು ಒಪ್ಪಿಕೊಂಡಾನು, ಸಣ್ಣದಕ್ಕೆ ಹೆದರಿದ್ದನ್ನು ಮಾತ್ರ ಒಪ್ಪಿಕೊಳ್ಳಲಾರ.

ಇಂಥ ಮಾತಾಡುವ ಅಧಿಕಾರ ನಿನಗೆ ಎಲ್ಲಿಂದ ಬಂತಪ್ಪಾ ಎಂದು ನೀವು ಕೇಳುವುದು ನ್ಯಾಯವೇ. ನಾನು ನಾಲ್ಕನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊರಬಂದವನು. ನನ್ನ ಬಾಯಲ್ಲಿ ಆಗಾಗ ಕಾಣಿಸಿಕೊಳ್ಳುವ ದೊಡ್ಡ ದೊಡ್ಡ ಮಾತುಗಳೆಲ್ಲ ಹರಿಕಥೆಯ ಚಪ್ಪರದಡಿ ಕೂತು ಕೇಳಿದವು, ಇಲ್ಲವೆ ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ಹಾಳೆಯನ್ನು ಇರುವೆ ಕೊಡವಿ ಓದಿ ಸಂಪಾದಿಸಿದವು. ಆದರೆ ಹಾವಿನ ವಿದ್ಯೆಯನ್ನು ಮಾತ್ರ ನಾನು ಕ್ರಮವಾಗಿ ಕಲಿತವನು. ಬೇತಮಂಗಲದ ಕೆರೆಯ ನೀರು ಚಿನ್ನದ ಗಣಿಯ ಊರುಗಳಿಗೆ ಹರಿಯುತ್ತದಲ್ಲ, ಆ ಪೈಪುಗಳ ಸಾಲನ್ನು ಕಾಯುವ ಗ್ಯಾಂಗಿನಲ್ಲಿ ನನಗೆ ಕೆಲಸ. ಪೈಪು ಎಲ್ಲಿ ಬೆವರುತ್ತದೆ, ಎಲ್ಲಿ ಒಸರುತ್ತದೆ, ಎಲ್ಲಿ ಯಾರೋ ಪುಣ್ಯಾತ್ಮ ತೂತು ಕೊರೆದು ತನ್ನ ಬದನೆ ಪಾತಿಗೆ ನೀರು ತಿರುಗಿಸಿಕೊಂಡಿದ್ದಾನೆ ಎಂಬುದನ್ನೆಲ್ಲ ನೋಡುತ್ತ ನಡೆಯಬೇಕು. ಅಲ್ಲಲ್ಲಿ ನೆಲದೊಳಗೆ ಕಲ್ಲು ಕಟ್ಟಿದ ವಾಲ್ವಿನ ಗುಂಡಿಗಳಿಗೆ ಇಳಿಯಬೇಕು. ಬೇಸಗೆಯಲ್ಲಿ ಸುತ್ತಲ ಬಯಲೆಲ್ಲ ಬಾಣಲೆಯ ಹಾಗೆ ಕಾದಿರುವಾಗ ಆ ಗುಂಡಿಯೊಂದೇ ತಂಪು. ಆ ತಂಪಿನ ಸುದ್ದಿ ಸರ್ಪಕುಲಕ್ಕೆಲ್ಲ ನನಗಿಂತ ಮೊದಲೇ ತಿಳಿದಿರುತ್ತಿತ್ತು.

ನಮ್ಮ ಗ್ಯಾಂಗಿನ ಆರೋಗ್ಯಸ್ವಾಮಿ ಮೇಸ್ತ್ರಿ ಗುಂಡಿಯ ಮುಚ್ಚಳ ಸರಿಸಿ, ಬಗ್ಗಿ ನೋಡಿ, ಒಳಗಿರುವವರು ಯಾರೆಂದು ತೀರ್ಮಾನ ಕೊಡುವವರೆಗೆ ನಾವು ಕಾಲಿಡುತ್ತಿರಲಿಲ್ಲ. ನೀರೊಳ್ಳೆಯಾದರೆ ಕೋಲಿನಿಂದ ಎತ್ತಿ ಆಚೆಗೆ ಹಾಕುವುದು, ಕೊಲ್ಲುವ ಹಾಗಿಲ್ಲ. ಅದು ಮೇಸ್ತ್ರಿಯ ಕಾನೂನು. ಅವರೇ ನನಗೆ ಕಣ್ಣಿನ ಗುರುತು ತೋರಿಸಿಕೊಟ್ಟವರು. ನೀರೊಳ್ಳೆಯ ಕಣ್ಣಿನ ಕೆಳಗೊಂದು, ಹಿಂದೊಂದು, ಓರೆಯಾದ ಕಪ್ಪು ಗೀಟುಗಳಿರುತ್ತವೆ, ಅತ್ತು ಅತ್ತು ಕಾಡಿಗೆ ಕರಗಿ ಇಳಿದ ಹಾಗೆ. ಮೈಮೇಲೆ ಹಳದಿ ನೆಲದಲ್ಲಿ ಕಪ್ಪು ಚೌಕಗಳು, ಯಾರೋ ಚೌಕಾಬಾರದ ಮನೆ ಬರೆಯಲು ಹೊರಟು ಅರ್ಧಕ್ಕೆ ಬೇಸರಪಟ್ಟಂತೆ. ಕೊಳಕುಮಂಡಲವಾದರೆ ಮೈ ದಪ್ಪ, ಬಾಲ ಮೋಟು, ತಲೆ ಕುತ್ತಿಗೆಗಿಂತ ಅಗಲ, ಬೆನ್ನುದ್ದಕ್ಕೂ ಸರಪಣಿ ಹೆಣೆದ ಹಾಗೆ ಉಂಗುರಗಳು. ಕಮ್ಮಾರನ ತಿದಿಯಂತೆ ಬುಸುಗುಟ್ಟಿ ತಾನೇ ತನ್ನ ಹೆಸರು ಹೇಳಿಬಿಡುತ್ತದೆ. ಕಷ್ಟವಿರುವುದು ನಾಗರದ ವಿಷಯದಲ್ಲಿ. ಏಕೆಂದರೆ ಕೆಣಕಿದ ನೀರೊಳ್ಳೆ ತಲೆಯೆತ್ತಿ, ಕತ್ತನ್ನು ಚಪ್ಪಟೆ ಮಾಡಿ, ತಾನೂ ಹೆಡೆ ಬಿಚ್ಚುವವನೇ ಎಂಬಂತೆ ನಟಿಸುತ್ತದೆ. ಬಡವನ ನಟನೆ ಅದು. ಹೆಡೆಯಲ್ಲಿ ಕನ್ನಡಕದ ಗುರುತಿಲ್ಲ, ಹಲ್ಲಿನಲ್ಲಿ ವಿಷವಿಲ್ಲ. ಕಚ್ಚಿದರೆ ರಕ್ತ ಬರುತ್ತದೆ, ಪ್ರಾಣ ಹೋಗುವುದಿಲ್ಲ. ಆದರೆ ಹೆದರಿದ ಕಣ್ಣಿಗೆ ಕತ್ತಿನ ಅಗಲ ಒಂದಕ್ಕೆ ನಾಲ್ಕಾಗಿ ಕಾಣುತ್ತದೆ.

ಇದರ ಮೇಲೆ ನಮ್ಮ ಗ್ಯಾಂಗಿನಲ್ಲಿ ಮೂರು ಭಾಷೆಗಳ ಗೊಂದಲ ಬೇರೆ. ಗುಂಡಿಯಲ್ಲಿ ಏನೋ ಸರಿದರೆ ಮೇಸ್ತ್ರಿಯ ಕಡೆಯ ತಮಿಳರು ‘ತಣ್ಣಿಪಾಂಬು’ ಎನ್ನುವರು, ಆಂಧ್ರದ ಗಡಿಯಿಂದ ಬಂದವರು ‘ನೀಳ್ಳಪಾಮು’ ಎನ್ನುವರು, ನಾನು ‘ನೀರೊಳ್ಳೆ’ ಎನ್ನುವೆ. ನಾವೆಲ್ಲ ಒಂದೇ ಹಾವಿನ ವಿಷಯ ಮಾತಾಡುತ್ತಿದ್ದೇವೆಂದು ಖಚಿತವಾಗುವ ಹೊತ್ತಿಗೆ ಆ ಬಡಪ್ರಾಣಿ ಬೇಸತ್ತು ಪೈಪಿನ ಸಂದಿಯಲ್ಲಿ ಮರೆಯಾಗಿರುತ್ತಿತ್ತು.

ಇಷ್ಟು ವಿದ್ಯೆ ಇದ್ದೂ ನಮ್ಮ ಮಾವನ ಮನೆಯಲ್ಲಿ ನನಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ಅದಕ್ಕೆ ಕಾರಣ ನನ್ನ ಷಡ್ಡಕ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ ಎಂದು ವಿವರಿಸಿದರೆ ಸಂಬಂಧ ತಿಳಿಯುತ್ತದೆ, ಸಂಕಟ ತಿಳಿಯುವುದಿಲ್ಲ. ಅಣ್ಣತಮ್ಮಂದಿರಾದರೆ ಜಗಳವಾಡಿ ಪಾಲು ಮಾಡಿಕೊಳ್ಳಬಹುದು. ಷಡ್ಡಕನೊಡನೆ ಪಾಲು ಮಾಡಿಕೊಳ್ಳುವುದೇನು? ಅತ್ತೆ ಬಡಿಸುವ ತುಪ್ಪವನ್ನೇ? ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಬ್ಬರನ್ನು ಕೂರಿಸಿ ಇಡೀ ಊರು ಮುಳ್ಳನ್ನೇ ನೋಡುತ್ತ ನಿಂತಿರುವಂಥ ನಂಟು ಅದು. ನಾರಾಯಣಸ್ವಾಮಿ ಕೋರಮಂಡಲಿನಲ್ಲಿ ಗಣಿಯೊಳಕ್ಕೆ ಇಳಿಯುವವನು. ನನಗಿಂತ ಚಿಕ್ಕವನು, ನನಗಿಂತ ಎತ್ತರ, ನನಗಿಂತ ಕೆಂಪು; ಬೈತಲೆ ತೆಗೆದು ಕ್ರಾಪು ಬಾಚಿದನೆಂದರೆ ನೂಲು ಹಿಡಿದು ಗೆರೆ ಎಳೆದ ಹಾಗೆ. ನಮ್ಮಿಬ್ಬರ ಕೆಲಸವನ್ನು ತೂಗಿ ನೋಡಿದರೆ, ಅವನು ಭೂಮಿಯೊಳಗಿನ ಬಂಗಾರ ತೆಗೆಯುತ್ತಿದ್ದನು, ನಾನು ಬಂಗಾರ ತೆಗೆಯುವವರಿಗೆ ಕುಡಿಯುವ ನೀರು ಕಳಿಸುತ್ತಿದ್ದೆನು. ನೀರಿಲ್ಲದೆ ಒಂದು ದಿನ ಇಳಿಯಲಿ ನೋಡೋಣ ಎಂದು ನಾನು ಮನಸ್ಸಿನಲ್ಲೇ ಎಷ್ಟೋ ಸಲ ವಾದಿಸಿ ಗೆದ್ದಿದ್ದೇನೆ. ಆದರೆ ಅವನು ಗಣಿಯ ಕತ್ತಲನ್ನು, ಕಲ್ಲು ಸಿಡಿಯುವ ಸದ್ದನ್ನು, ತೊಟ್ಟಿಲಿನಂಥ ಕಬ್ಬಿಣದ ಪಂಜರದಲ್ಲಿ ಕೆಳಗಿಳಿಯುವಾಗ ಹೊಟ್ಟೆ ಗಂಟಲಿಗೆ ಬರುವುದನ್ನು ಹೇಳತೊಡಗಿದರೆ ಅತ್ತೆಯ ಕೈಯಲ್ಲಿ ತುಪ್ಪದ ಮಿಳ್ಳೆ ಅವನೆಲೆಯ ಮೇಲೆ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತಿತ್ತು. ಪೈಪಿನ ಒಸರಿನ ಬಗ್ಗೆ ನಾನು ಹೇಳಿದ ಸಂಗತಿಗಳಿಗೆ ಆ ಮಿಳ್ಳೆ ಎಂದೂ ಅಷ್ಟು ಬಗ್ಗಿದ್ದಿಲ್ಲ. ಹೊಟ್ಟೆಕಿಚ್ಚು ಹೀನಗುಣವೆಂದು ಹರಿಕಥೆಯ ದಾಸರು ಹೇಳಿದ್ದನ್ನು ನಾನೂ ತಲೆದೂಗಿ ಕೇಳಿದವನೇ. ದಾಸರಿಗೆ ಷಡ್ಡಕರು ಇದ್ದಿರಲಾರರು.

ಹೊಸ ಪೈಸೆಗಳು ಚಲಾವಣೆಗೆ ಬಂದ ಕಾಲದ ಮಾತು ನಾನು ಹೇಳಹೊರಟಿರುವುದು. ನನ್ನ ನಾದಿನಿ ರುಕ್ಕಮ್ಮ, ಅಂದರೆ ನಾರಾಯಣಸ್ವಾಮಿಯ ಹೆಂಡತಿ, ಮದುವೆಯಾಗಿ ಬಹಳ ಕಾಲದ ಮೇಲೆ ಬಸುರಿಯಾಗಿದ್ದಳು. ಹಿಂದೆ ನಿಂತ ಬಸುರು ಕೈತಪ್ಪಿ ಹೋಗಿ, ಆಕೆ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದನ್ನು ಮನೆಯವರೆಲ್ಲ ಕಂಡಿದ್ದರು. ಆದ್ದರಿಂದ ಈ ಸಲ ಅವಳು ಕೆಮ್ಮಿದರೆ ಅತ್ತೆ ದೀಪ ಹಚ್ಚುತ್ತಿದ್ದರು, ಸೀನಿದರೆ ಮಾವ ಹರಕೆ ಹೊರುತ್ತಿದ್ದರು. ಬಂಗಾರಪೇಟೆಗೆ ಕೂಗಳತೆಯ ಹಳ್ಳಿಯಲ್ಲಿದ್ದ ಮಾವನ ಮನೆಯಲ್ಲಿ ಸೀಮಂತ ನಡೆಯಿತು. ಅಳಿಯಂದಿರಿಬ್ಬರೂ ಉಳಿದಿದ್ದೆವು. ಮಾರನೆಯ ಬೆಳಿಗ್ಗೆ ನಾರಾಯಣಸ್ವಾಮಿ ಸೀಮಂತದ ಹೊಸ ಪಂಚೆಯುಟ್ಟು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದನು. ನಾನು ಕಪಿಲೆ ಬಾವಿಯ ರಾಟೆ ಕಿರ್ರೆನ್ನುತ್ತಿದ್ದುದನ್ನು ಸರಿಮಾಡುತ್ತಿದ್ದೆನು. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಕೂತು ಕಾಫಿ ಕುಡಿಯುವುದು ನನ್ನ ಜಾಯಮಾನವಲ್ಲ, ಅಲ್ಲದೆ ಕೆಲಸ ಮಾಡುವ ಅಳಿಯ ಯಾರು, ಕೂತ ಅಳಿಯ ಯಾರು ಎಂಬುದು ಮಾವನ ಕಣ್ಣಿಗೆ ಬಿದ್ದರೆ ಬೀಳಲಿ ಎಂದೂ ಇತ್ತು.

ಪಾತ್ರೆ ತೊಳೆಯಲು ಬಾವಿಯ ಮೆಟ್ಟಿಲಿಳಿದಿದ್ದ ಅತ್ತೆ ಕಿರುಚಿಕೊಂಡರು. “ಅಯ್ಯಯ್ಯೋ ಆವು! ನಾಗ್ರಾವು! ಎಡೆ ಎತ್ಕೊಂಡ್ ನಿಂತೈತೆ, ಯಾರಾನಾ ಬರ್ರಪ್ಪಾ!”

ನಾನು ರಾಟೆಯ ಮೇಲಿನ ತೊಲೆಯಿಂದ ಇಳಿಯಬೇಕಿತ್ತು, ನಾರಾಯಣಸ್ವಾಮಿ ಜಗಲಿಯಿಂದ ಹಾರಿದರೆ ಸಾಕಿತ್ತು. ಗುದ್ದಲಿಯ ಕಾವನ್ನು ಹಿಡಿದು, ಹೊಸ ಪಂಚೆಯನ್ನು ಮಂಡಿಗೆತ್ತಿ, ಮೂರೇ ನೆಗೆತಕ್ಕೆ ಮೆಟ್ಟಿಲಿಳಿದು ಅವನು ಕೊಟ್ಟ ಏಟಿಗೆ ಹಾವಿನ ತಲೆ ಕಲ್ಲಿಗೆ ಅಂಟಿಹೋಯಿತು. ನಾನು ಸ್ಪ್ಯಾನರ್ ಹಿಡಿದು ಏದುಸಿರು ಬಿಡುತ್ತ ತಲುಪಿದಾಗ ಮೆಚ್ಚುಗೆಯ ಕಾರ್ಯಕ್ರಮ ಆರಂಭವಾಗಿತ್ತು. ಪಕ್ಕದ ಮನೆಯ ಚಿನ್ನಕ್ಕ ಎಂಬ ಮುದುಕಿ, ಊರಿನ ಎಲ್ಲ ಸಂದರ್ಭಗಳಿಗೂ ಮಾತು ಒದಗಿಸುವವಳು, “ಬಂಗಾರದಂತ ಅಳಿಯ ಕಣಮ್ಮಿ ನಿಂಗೆ! ಒಂದೇ ಏಟು! ಅಪ್ಪಾ, ಏನು ಕೈ ಅದು!” ಎನ್ನುತ್ತಿದ್ದಳು. ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಯಾರೂ ನೋಡಲಿಲ್ಲ. ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅಷ್ಟರಲ್ಲಿ ಅದೇ ಚಿನ್ನಕ್ಕನ ದನಿ ಇಳಿಯಿತು. “ಅಲ್ಲಾ ಕಣೇ... ಇವ್ನು ಬಸುರಿ ಗಂಡ ಅಲ್ವಾ?”

ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ಒಂದು ಕೋಳಿಯನ್ನೂ ಕೊಯ್ಯಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಹಾವನ್ನು, ಅದರಲ್ಲೂ ನಾಗರವನ್ನು ಕೊಂದರೆ ದೋಷ ನೇರವಾಗಿ ಗರ್ಭಕ್ಕೆ ತಟ್ಟುತ್ತದೆಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರು ನಾವು. ಅತ್ತೆ ಎದೆಯ ಮೇಲೆ ಕೈಯಿಟ್ಟು ಮೆಟ್ಟಿಲ ಮೇಲೇ ಕುಸಿದರು. ಮಾವ ಬಂದರು, ನೋಡಿದರು, ನಾರಾಯಣಸ್ವಾಮಿಯ ಕಡೆ ತಿರುಗಿದರು. “ಅಳಿಯೋರೆ, ನೀವ್ಯಾಕೆ ಕೈ ಎತ್ತುದ್ರಿ? ದೊಡ್ಡಳಿಯೋರು ಇರ್ಲಿಲ್ವಾ?”

ಆ ಮನೆಯಲ್ಲಿ ಅವನ ಬದಲು ನಾನು ಇರಬಾರದಿತ್ತೇ ಎಂದು ಯಾರಾದರೂ ಬಯಸಿದ್ದು ಅದೇ ಮೊದಲು. ಸಂತೋಷಪಡೋಣವೆಂದರೆ ಸಂದರ್ಭ ಸರಿಯಿಲ್ಲ.

“ಎಂಗಸ್ರು ಕೂಗ್ಕೊಂತಿದ್ರೆ ನಾನು ಬಸುರಿ ಗಂಡ ಅಂತ ಕೈ ಕಟ್ಕೊಂಡು ಕೂತ್ಕಬೇಕಿತ್ತಾ ಮಾವ?” ಎಂದನು ಅವನು. ಮಾತು ಗಟ್ಟಿಯಾಗಿತ್ತು, ಆದರೆ ಗುದ್ದಲಿಯ ಕಾವನ್ನು ಆಚೆಗೆಸೆದು ಕೈಯನ್ನು ಪಂಚೆಗೆ ಮತ್ತೆ ಮತ್ತೆ ಒರೆಸಿಕೊಂಡನು. ಗಣಿಯ ಕತ್ತಲಿಗೆ ದಿನವೂ ಇಳಿಯುವ ಕೈ ಅದು.

ಒಳಗೆ ರುಕ್ಕಮ್ಮನಿಗೆ ಸುದ್ದಿ ಹೋಯಿತು. ಅಳು ಕೇಳಿಸುತ್ತದೆಂದು ನಾವು ಕಾದೆವು, ಕೇಳಿಸಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು. ಹೊಟ್ಟೆಯನ್ನು ಎರಡು ಕೈಯಲ್ಲಿ ತಬ್ಬಿ ಗೋಡೆಯ ಕಡೆ ತಿರುಗಿ ಕೂತಳಂತೆ. ಹಾಲು ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ಮಾವ ಬಂಗಾರಪೇಟೆಯ ಪುರೋಹಿತರಿಗೆ ಹೇಳಿಕಳಿಸಿದರು. ನಾಗರ ಸತ್ತರೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡಬೇಕು: ಬಿಳಿಬಟ್ಟೆ ಹೊದಿಸಬೇಕು, ಬಾಯಿಗೆ ತಾಮ್ರದ ಕಾಸು ಇಡಬೇಕು, ಹಾಲು ತುಪ್ಪ ಬಿಟ್ಟು ಗಂಧದ ಚಕ್ಕೆಯಲ್ಲಿ ಸುಡಬೇಕು.

ಈ ಗಡಿಬಿಡಿಯಲ್ಲಿ ಹಾವನ್ನು ನೋಡಿದವನು ನಾನೊಬ್ಬನೇ. ತಲೆ ಜಜ್ಜಿಹೋಗಿತ್ತಾದ್ದರಿಂದ ಕಣ್ಣಿನ ಗೀಟುಗಳನ್ನು ಹುಡುಕುವಂತಿರಲಿಲ್ಲ. ಆದರೆ ಮೈ ಪೂರ್ತಿ ಇತ್ತು, ಚೌಕಗಳು ಇದ್ದವು. ಇದ್ದರೂ ಒಂದು ಅನುಮಾನ ಉಳಿಯಬಾರದೆಂದು ಕೂತು, ಬಾಲದಿಂದ ತಲೆಯ ಕಡೆಗೆ ಬೆನ್ನ ಮೇಲೆ ಹೆಬ್ಬೆರಳು ಎಳೆದೆ. ನಾಗರದ ಬೆನ್ನು ಎಣ್ಣೆ ಸವರಿದ ಹಾಗೆ ನುಣುಪು. ನೀರೊಳ್ಳೆಯ ಪ್ರತಿಯೊಂದು ಹುರುಪೆಯ ನಡುವೆಯೂ ಸಣ್ಣ ಏಣು ಇರುತ್ತದೆ, ಎದುರು ದಿಕ್ಕಿಗೆ ಉಜ್ಜಿದರೆ ಸವೆದ ಅರದ ಹಾಗೆ ಬೆರಳಿಗೆ ತಾಕುತ್ತದೆ. (ಕೊಳಕುಮಂಡಲದ ಬೆನ್ನೂ ಒರಟೇ. ಆದ್ದರಿಂದ ದಯವಿಟ್ಟು ನೀವು ಯಾರೂ ಇದನ್ನು ಬದುಕಿರುವ ಹಾವಿನ ಮೇಲೆ ಪರೀಕ್ಷಿಸಬೇಡಿ. ನನ್ನ ಮಾತಿಗೆ ನಾನು ಹೊಣೆ, ನಿಮ್ಮ ಬೆರಳಿಗಲ್ಲ.) ಈ ಬೆನ್ನು ತಾಕಿತು. ನೀರೊಳ್ಳೆ. ಅಪ್ಪಟ ನೀರೊಳ್ಳೆ.

ಸುಳ್ಳು ಹೇಳಲಾರೆ, ಆಗ ನನ್ನೊಳಗೆ ಮೊದಲು ಎದ್ದದ್ದು ರುಕ್ಕಮ್ಮನ ಬಗೆಗಿನ ಕನಿಕರವಲ್ಲ. ನೋಡಿದಿರೇನಪ್ಪಾ ನಿಮ್ಮ ಬಂಗಾರದ ಅಳಿಯ ಕೊಂದ ನಾಗರವನ್ನು, ಕಪ್ಪೆ ತಿಂದು ಬದುಕುವ ಜಂತು, ಎಂಬ ಮಾತೇ ನಾಲಿಗೆಯ ತುದಿಗೆ ಓಡಿಬಂದು ನಿಂತಿತು. ಕನಿಕರವೂ ಬಂತು, ಇಲ್ಲವೆನ್ನುವುದಿಲ್ಲ, ಸ್ವಲ್ಪ ಹಿಂದೆ ನಡೆದು ಬಂತು. ವಿಧಿಯ ವಿನೋದವೆಂದರೆ ಎರಡಕ್ಕೂ ಹೇಳಬೇಕಾದ ಮಾತು ಒಂದೇ ಆಗಿತ್ತು. ಆ ಮಾತನ್ನು ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಯಾರೂ ಅಳಬ್ಯಾಡಿ. ಇದು ನಾಗ್ರಾವಲ್ಲ. ನೀರೊಳ್ಳೆ.”

ಸಮಾಧಾನದ ನಿಟ್ಟುಸಿರನ್ನು ನಿರೀಕ್ಷಿಸಿದ್ದೆ. ಬದಲಿಗೆ ಎಲ್ಲರೂ ನನ್ನ ಮುಖವನ್ನೇ ನೋಡಿದರು, ಹಾವನ್ನಲ್ಲ.

“ಅಣ್ಣಾ, ಎಡೆ ಬಿಚ್ಕೊಂಡು ನಿಂತಿದ್ದು ನಾನು ನೋಡಿದೀನಿ, ಅತ್ತೆ ನೋಡವ್ರೆ,” ಎಂದನು ನಾರಾಯಣಸ್ವಾಮಿ. “ನೀವೆಲ್ಲಿದ್ರಿ?”

“ರಾಟೆ ಮೇಲೆ.”

“ಮತ್ತೆ?”

ಚಿನ್ನಕ್ಕ ನನ್ನ ಮೇಲೆ ಮರುಕಪಟ್ಟಳು. “ಓಗ್ಲಿ ಬಿಡಪ್ಪಾ ದೊಡ್ಡಳಿಯ. ಅವ್ನು ಒಂದು ಆವು ಒಡುದ್ರೆ ಅದ್ಕೂ ಒಟ್ಟೆ ಉರ್ಕೊಬೇಕಾ? ಆ ಮಗೀನ ಗತಿ ನೋಡು ಒಳಗೆ.”

ಹಿಂದೆ ನಿಂತಿದ್ದ ಕೆಲವರು ನಕ್ಕರು. ಇಡೀ ಊರಿಗೆ ತಿಳಿದಿತ್ತೆಂದು ಅಂದು ನನಗೆ ತಿಳಿಯಿತು. ನನ್ನ ಅಸೂಯೆಯನ್ನು ನಾನು ಇಷ್ಟು ವರ್ಷ ಒಳಪೆಟ್ಟಿಗೆಯಲ್ಲಿಟ್ಟಿದ್ದೇನೆಂದು ಭಾವಿಸಿದ್ದೆ, ಅದು ಜಗಲಿಯ ಗೂಟಕ್ಕೆ ತೂಗುಹಾಕಿದ ಅಂಗಿಯಾಗಿತ್ತು. ನನ್ನ ಹೆಂಡತಿ ಪಾಪಮ್ಮ ತೋಳು ಹಿಡಿದು ಪಕ್ಕಕ್ಕೆ ಎಳೆದಳು. “ಸುಮ್ಕಿರಿ ಅತ್ಲಾಗೆ,” ಎಂದಳು ಹಲ್ಲು ಕಚ್ಚಿ. “ನಿಜಾನೇ ಇರ್ಬೌದು. ನಿಮ್ ಬಾಯಾಗೆ ಬಂದ್ರೆ ಯಾರೂ ನಂಬಲ್ಲ.”

ನಾನು ಮಾನವಂತ. ನಂಬದವರ ಬಾಗಿಲಲ್ಲಿ ನಿಂತು ಪ್ರಮಾಣ ಮಾಡುವವನಲ್ಲ. ಸ್ಪ್ಯಾನರನ್ನು ಟವಲಿನಲ್ಲಿ ಸುತ್ತಿ, ಸ್ಟೇಷನ್ನಿನ ದಾರಿ ಹಿಡಿಯೋಣವೆಂದು ಚಪ್ಪಲಿ ಮೆಟ್ಟಿದೆ. ಅಂಗಳ ದಾಟಿರಲಿಲ್ಲ, ಪಾಪಮ್ಮ ಓಡಿ ಬಂದಳು. ಈ ಸಲ ಹಲ್ಲು ಕಚ್ಚಿರಲಿಲ್ಲ. “ರುಕ್ಕಿ ಕರೀತಾವ್ಳೆ. ನಿಮ್ನೇ.”

ಒಳಗೆ ಹೋದೆ. ರುಕ್ಕಮ್ಮ ಗೋಡೆಯಿಂದ ಇತ್ತ ತಿರುಗಿದ್ದಳು. ಸೀಮಂತದ ಹಸಿರು ಬಳೆಗಳು ಮೊಳಕೈವರೆಗೆ ತುಂಬಿದ್ದವು, ಮುಖದಲ್ಲಿ ರಕ್ತವಿರಲಿಲ್ಲ. ಅವಳು ಹಾವಿನ ವಿಷಯ ಏನೂ ಕೇಳಲಿಲ್ಲ. ಚೌಕ ಹೇಗಿತ್ತು, ಬೆನ್ನು ಹೇಗಿತ್ತು ಎಂದು ಕೇಳಿದ್ದರೆ ನಾನು ಒಂದು ಗಂಟೆ ವಿವರಿಸಲು ಸಿದ್ಧನಾಗಿದ್ದೆ.

“ಬಾವಾ, ಒಂದು ಕೇಳ್ತೀನಿ, ನನ್ನಾಣೆಗೂ ದಿಟ ಏಳಿ,” ಎಂದಳು. “ನೀವು ಅಂಗಂದಿದ್ದು ನಮ್ಮೋರ್ನ ಕೆಳಗಾಕೋಕಾ, ಇಲ್ಲ ಆವು ನಿಜವಾಗ್ಲೂ ನೀರೊಳ್ಳೇನಾ?”

ಯೋಚಿಸಿ, ಇದಕ್ಕೆ ಏನು ಹೇಳಬಹುದಿತ್ತು? ಸದ್ಗೃಹಸ್ಥನೊಬ್ಬ ಹೇಳಬೇಕಾದ ಉತ್ತರ ನನಗೂ ಗೊತ್ತಿತ್ತು: ಅಯ್ಯೋ ಎಲ್ಲಾದರೂ ಉಂಟೇ ತಾಯಿ, ಅವನು ನನ್ನ ತಮ್ಮನ ಸಮಾನ. ಬಾಯಿ ತೆರೆದೆ ಕೂಡ. ಆದರೆ ಆ ಬಿಳುಪೇರಿದ ಮುಖದ ಮುಂದೆ ಅರ್ಧ ಸತ್ಯ ಅರ್ಧ ಸೋಗು ಕಲಸಿಕೊಡಲು ಮನಸ್ಸು ಬರಲಿಲ್ಲ. ಅವಳು ಹೊತ್ತು ಕೂತದ್ದು ಅಂಥ ಭಾರವನ್ನು.

“ಎಲ್ಡೂನು ಕಣಮ್ಮಾ,” ಎಂದೆ. “ಅವನ್ನ ಕಂಡ್ರೆ ನಂಗೆ ಆಗಾಕಿಲ್ಲ. ಅವನ ಕ್ರಾಪು ಕಂಡ್ರೂ ಆಗಾಕಿಲ್ಲ. ನಿಮ್ಮವ್ವ ಅವ್ನಿಗೆ ತುಪ್ಪ ಬಡಿಸೋವಾಗ ನಂಗೆ ಅನ್ನ ಇಳಿಯಾಕಿಲ್ಲ. ಆವು ಮಾತ್ರ ನೀರೊಳ್ಳೆ. ಬಾಲ್ದಿಂದ ತಲೆ ಕಡೀಕೆ ಬೆಳ್ಳು ಎಳುದ್ರೆ ಒರಟಾಗ್ ತಾಕ್ತದೆ. ನಾಗ್ರ ತಾಕಲ್ಲ.”

ರುಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿಯ ಅಂಚು ಮೊದಲು ಅಲುಗಿತು, ಆಮೇಲೆ ಭುಜ. ಅಳುತ್ತಾಳೆಂದು ಪಾಪಮ್ಮ ಬಗ್ಗಿದಳು. ಅವಳು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಬಳೆಗಳೆಲ್ಲ ಗಲಗಲಿಸುವಂತೆ ನಗುತ್ತಿದ್ದಳು. “ಕ್ರಾಪೂನಾ ಬಾವಾ?” ಎಂದಳು. ಕಣ್ಣೊರೆಸಿಕೊಂಡಳು. “ಒಟ್ಟೆಕಿಚ್ಚಿಲ್ಲ ಅಂದಿದ್ರೆ ನೀವೇಳಿದ್ ಆವೂನೂ ಸುಳ್ಳು ಅಂದ್ಕೊಂತಿದ್ದೆ. ಅಕ್ಕಾ, ಒಂದಿಷ್ಟು ಮಜ್ಜಿಗೆ ಅನ್ನ ಕಲಸ್ಕೊಡು, ಒಟ್ಟೆ ಅಸೀತೈತೆ.”

ಬಾಗಿಲಲ್ಲಿ ನೆರಳು ಸರಿಯಿತು. ನಾರಾಯಣಸ್ವಾಮಿ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದನು, ಕ್ರಾಪಿನ ವಿಷಯವನ್ನೂ ಸೇರಿಸಿ. ನನ್ನ ಮುಖ ನೋಡದೆ ಹೊರಟುಹೋದನು. ನಾನು ಹಿಂದೆಯೇ ಬಂದು ನೋಡಿದರೆ ಬಾವಿಯ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಆ ಹಾವಿನ ಬೆನ್ನ ಮೇಲೆ ಬೆರಳು ಎಳೆಯುತ್ತಿದ್ದಾನೆ. ಬಾಲದಿಂದ ತಲೆಗೆ. ಮತ್ತೆ ಬಾಲದಿಂದ ತಲೆಗೆ. ಹೊಸ ಪಂಚೆಯ ಅಂಚು ನೀರಿನಲ್ಲಿ ತೋಯುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಮುಂಗೈಯಿಂದ ಮುಖ ಒರೆಸಿಕೊಂಡು ಎದ್ದು, ನೆರೆದಿದ್ದವರಿಗೆಲ್ಲ ಕೇಳುವಂತೆ ಕೂಗಿ ಹೇಳಿದನು: “ಅಣ್ಣ ಏಳಿದ್ದೇ ದಿಟ. ನಾನು ಕೊಂದಿದ್ದು ನೀರೊಳ್ಳೆ. ನೋಡ್ದೆ ಒಡೆದ್ಬಿಟ್ಟೆ.”

ನಮ್ಮ ಸೀಮೆಯ ಚರಿತ್ರೆಯಲ್ಲಿ ನೀರೊಳ್ಳೆ ಕೊಂದೆನೆಂದು ತುಂಬಿದ ಜನರ ಮುಂದೆ ಒಪ್ಪಿಕೊಂಡ ಪ್ರಥಮ ಪುರುಷ ಅವನೇ ಇರಬೇಕು. ಇದರ ಪರಿಣಾಮ ಏನಾಯಿತೆಂದು ನೀವು ಊಹಿಸಬಲ್ಲಿರಾ? ನಾನು ಊಹಿಸಿರಲಿಲ್ಲ. “ಏನು ದೊಡ್ಡ ಮನ್ಸು ನೋಡ್ರೇ! ಬ್ಯಾರೆ ಯಾವ ಗಂಡ್ಸಾಗಿದ್ರೂ ಒಪ್ಕೊಂತಿರ್ಲಿಲ್ಲ,” ಎಂದಳು ಚಿನ್ನಕ್ಕ. ಅತ್ತೆ ಅವನ ತಲೆ ನೇವರಿಸಿದರು, ಆ ಕ್ರಾಪನ್ನೇ. ಮಾವ ಹೆಗಲ ಮೇಲೆ ಕೈಯಿಟ್ಟರು. ಸತ್ಯವನ್ನು ಕಂಡುಹಿಡಿದವನು ನಾನು, ಹೇಳಿ ಬೈಸಿಕೊಂಡವನು ನಾನು. ಒಪ್ಪಿಕೊಂಡವನು ಮಾತ್ರ ಅವನು, ಹೊಗಳಿಕೆಯೆಲ್ಲ ಒಪ್ಪಿಕೊಂಡವನ ಕೊರಳಿಗೆ. ಅವನ ಶೌರ್ಯವನ್ನು ಕಂಡು ಹೊಟ್ಟೆಕಿಚ್ಚು ಪಡುವುದು ನನಗೆ ರೂಢಿಯಾಗಿತ್ತು. ಅವನ ದೊಡ್ಡತನವನ್ನು ಕಂಡು ಪಡುವ ಹೊಟ್ಟೆಕಿಚ್ಚು ಹೊಸದು, ಎಲ್ಲಿ ಕೆರೆದುಕೊಳ್ಳಬೇಕೆಂದೇ ತಿಳಿಯದು.

ಪುರೋಹಿತರು ಬಂದರು. ನೀರೊಳ್ಳೆಯೆಂದು ತೀರ್ಮಾನವಾಗಿದೆ, ತಾವು ಕಾಫಿ ಕುಡಿದು ಹೊರಡಬಹುದು ಎಂದು ಮಾವ ಹೇಳುತ್ತಿದ್ದಂತೆಯೇ ಅತ್ತೆ ನಡುವೆ ಬಂದರು. ಬಾಯಿಬಿಟ್ಟು ಹರಕೆ ಆಡಿಬಿಟ್ಟಿದ್ದೇನೆ, ಹಾಲು ತುಪ್ಪ ತೆಗೆದಿಟ್ಟಾಗಿದೆ, ಹೆಚ್ಚಿಗೆ ಮಾಡಿದರೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ, ನಡೆದೇ ಬಿಡಲಿ, ಎಂದರು. ಹೀಗಾಗಿ ಕಪ್ಪೆ ಹಿಡಿದು ಹೊಟ್ಟೆ ಹೊರೆದುಕೊಂಡಿದ್ದ ಒಂದು ನೀರೊಳ್ಳೆಗೆ ಬಿಳಿಬಟ್ಟೆ ಹೊದಿಸಿ, ಜಜ್ಜಿದ ಬಾಯಿಗೆ ತಾಮ್ರದ ಕಾಸಿಟ್ಟು, ಮಂತ್ರೋಕ್ತವಾಗಿ ನಾಗಸಂಸ್ಕಾರ ನಡೆಯಿತು. ಕೊಂದವನೇ ಕೊಳ್ಳಿ ಇಡಬೇಕಾದ್ದರಿಂದ ನಾರಾಯಣಸ್ವಾಮಿ ಒದ್ದೆ ಬಟ್ಟೆಯಲ್ಲಿ ಕೈಮುಗಿದು ನಿಂತನು, ಆ ನಿಲುವೂ ಅವನಿಗೆ ಒಪ್ಪುತ್ತಿತ್ತು. ಸೌದೆ ಹೊತ್ತು ತರುವ ಕೆಲಸ ದೊಡ್ಡಳಿಯನ ಪಾಲಿಗೆ ಬಂತು. ತಂದೆ. ಚೆನ್ನಾಗಿ ಒಣಗಿದ್ದನ್ನೇ ಆರಿಸಿ ತಂದೆ. ಕೆಲಸವೆಂದ ಮೇಲೆ ಕೆಲಸ.

ಸೌದೆ ಉರಿಯುವುದನ್ನು ನೋಡುತ್ತ ಒಂದು ವಿಚಾರ ನನ್ನನ್ನು ಕಾಡಿತು, ಇಂದಿಗೂ ಆಗಾಗ ಕಾಡುತ್ತದೆ. ಹಾವಿನ ಜಾತಿಯನ್ನು ಗುರುತಿಸಲು ದೇವರು ಚೌಕ ಕೊಟ್ಟಿದ್ದಾನೆ, ಏಣು ಕೊಟ್ಟಿದ್ದಾನೆ. ನಾನು ಅಂದು ಬಾವಿಯ ಬಳಿ ಆಡಿದ ಮಾತಿನಲ್ಲಿ ಎಷ್ಟು ಪಾಲು ಕರುಣೆ, ಎಷ್ಟು ಪಾಲು ಮತ್ಸರ ಎಂದು ಯಾವ ಕಡೆಯಿಂದ ಬೆರಳೆಳೆದು ನೋಡಿದರೂ ನನಗೆ ತಿಳಿಯಲಿಲ್ಲ. ತಿಳಿದದ್ದು ರುಕ್ಕಮ್ಮನಿಗೆ. ಅವಳಿಗೆ ಬೇಕಾಗಿದ್ದುದು ಮತ್ಸರವಿಲ್ಲದ ಬಾವನಲ್ಲ, ಮತ್ಸರವಿದ್ದೂ ಹಾವನ್ನು ಹಾವೆನ್ನುವ ಬಾವ.

ಮಗು ಸುಖವಾಗಿ ಹುಟ್ಟಿತು, ಹೆಣ್ಣು, ಅಪ್ಪನ ಬಣ್ಣ. ನಾಮಕರಣಕ್ಕೆ ಕೋರಮಂಡಲಿಗೆ ಹೋಗಿದ್ದೆವು. ಅಲ್ಲಿ ಸಾಲುಮನೆಯ ನೆರೆಹೊರೆಯವರೆಲ್ಲ ಸೇರಿದ್ದಾಗ ಆ ಹಾವಿನ ಪ್ರಸ್ತಾಪ ಬಂತು. ನಾರಾಯಣಸ್ವಾಮಿ ತಮಿಳಿನಲ್ಲಿ ಅದನ್ನು ಬಣ್ಣಿಸತೊಡಗಿದನು. ‘ನಲ್ಲಪಾಂಬು’ ಎಂಬ ಮಾತು ನನ್ನ ಕಿವಿಗೆ ಬಿತ್ತು. ನಲ್ಲಪಾಂಬು ಎಂದರೆ ನಾಗರಹಾವು. ಮಾತು ಹೊರಬಿದ್ದ ಕೂಡಲೆ ಅವನಿಗೆ ನನ್ನ ಇರವಿನ ನೆನಪಾಗಿ, ಕೈಗಳು ಹೆಡೆಯ ಅಗಲ ತೋರಿಸುತ್ತ ಗಾಳಿಯಲ್ಲೇ ನಿಂತವು. ಮೇಸ್ತ್ರಿಯ ಹತ್ತಿರ ಪಳಗಿದ ನನ್ನ ತಮಿಳು ಅವನನ್ನು ಅಲ್ಲೇ ಕೆಡವಲು ಧಾರಾಳವಾಗಿ ಸಾಕಿತ್ತು. ಕಾಫಿ ಲೋಟ ಕೊಡಲು ಬಂದ ರುಕ್ಕಮ್ಮ ನನ್ನನ್ನು ನೋಡಿದಳು. ಬೇಡ ಎನ್ನಲಿಲ್ಲ, ಸುಮ್ಮನೆ ನೋಡಿದಳು. “ದೊಡ್ಡ ಆವು,” ಎಂದೆ ನಾನು, ಲೋಟ ತೆಗೆದುಕೊಂಡು. ಅವನ ಕೈಗಳು ಮತ್ತೆ ಚಲಿಸಿದವು, ಹೆಡೆ ಇನ್ನೂ ಒಂದು ಗೇಣು ಅಗಲವಾಯಿತು.

ನಾಗಪ್ಪನ ಹೆಸರಿಡುತ್ತೇನೆಂದು ಅತ್ತೆ ಅಂದು ಹೊತ್ತ ಹರಕೆಯಂತೆ ಮಗುವಿಗೆ ನಾಗರತ್ನ ಎಂದು ಹೆಸರಿಟ್ಟರು. ಮನೆಯವರಿಗೆಲ್ಲ ಅವಳು ನಾಗು. ನಾಗು ಎಂದು ಕೂಗಿದಾಗಲೆಲ್ಲ ಅವನು ಕೊಂದದ್ದು ನಾಗರವೇ ಎಂದು ಮತ್ತೊಮ್ಮೆ ಸಾರಿದಂತಾಗುತ್ತದೆಂದು ನನಗೊಬ್ಬನಿಗೇ ಅನ್ನಿಸುವುದರಿಂದ ನಾನು ಮಾತ್ರ ಅವಳನ್ನು ರತ್ನ ಎನ್ನುತ್ತೇನೆ. ಈಗ ಓಡಾಡುವ ವಯಸ್ಸು ಅವಳಿಗೆ. ಹಬ್ಬಕ್ಕೆ ಮಾವನ ಮನೆಯಲ್ಲಿ ಸೇರಿದಾಗ ಅವನು ಜಗಲಿಯ ಆ ತುದಿಯಿಂದ “ನಾಗೂ” ಎನ್ನುತ್ತಾನೆ, ನಾನು ಈ ತುದಿಯಿಂದ “ರತ್ನಾ” ಎನ್ನುತ್ತೇನೆ. ಅವಳು ನಡುವೆ ನಿಂತು ಎರಡೂ ಕಡೆ ನೋಡಿ ನಗುತ್ತಾಳೆ. “ದೊಡ್ಡಪ್ಪಾ” ಎನ್ನುತ್ತ ಓಡಿಬಂದು ನನ್ನ ತೊಡೆಯೇರುವುದೂ ಉಂಟು, ಅವಳಪ್ಪ ಕೋರಮಂಡಲಿನಲ್ಲಿ ಉಳಿದುಕೊಂಡಿರುವ ದಿನಗಳಲ್ಲಿ.